ಬಿಸಿಲು ಕಾಣದ ಮರಳು

ಮರಳಿನ ಒಂದೊಂದು ಕಣವೂ ತಾನು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂಬುದನ್ನು ನೆನಪಿಟ್ಟುಕೊಂಡಿರುತ್ತದೆ ಎಂದು ಹಿಂದೆ ಯಾರಾದರೂ ಹೇಳಿದ್ದರೆ ಲಗಮವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಈಗ ಅದೇ ಅವಳ ಅನ್ನ. ಖರ್‌ಥಾಂಗ್ ಮಣ್ಣಿನ ಪ್ರಯೋಗಶಾಲೆಯ ಕತ್ತಲೆಕೋಣೆಯಲ್ಲಿ, ಕೆಂಪು ದೀಪದ ಮಬ್ಬಿನಲ್ಲಿ, ಎಂಟು ವರ್ಷದಿಂದ ಅವಳು ಮರಳು ಜರಡಿ ಹಿಡಿಯುತ್ತಿದ್ದಾಳೆ.

ಸಂಗತಿ ಅಷ್ಟೇನೂ ಕಷ್ಟದ್ದಲ್ಲ. ನೆಲದೊಳಗೆ ಹೂತುಹೋದ ಕಣಕ್ಕೆ ಸುತ್ತಲಿನ ಮಣ್ಣಿನಿಂದ ಒಂದಿಷ್ಟು ವಿಕಿರಣ ತಾಗುತ್ತಲೇ ಇರುತ್ತದೆ. ಆ ಶಕ್ತಿ ಕಣದ ಹೊಟ್ಟೆಯಲ್ಲಿ ತೊಟ್ಟು ತೊಟ್ಟಾಗಿ ಕೂಡಿಕೊಳ್ಳುತ್ತದೆ. ನೀಲಿ ಬೆಳಕು ಬಿಟ್ಟರೆ ಕೂಡಿಟ್ಟದ್ದೆಲ್ಲ ಒಮ್ಮೆಗೇ ಮಿನುಗಿ ಹೊರಬೀಳುತ್ತದೆ. ಮಿನುಗು ಎಷ್ಟೋ, ಕತ್ತಲಲ್ಲಿ ಕಳೆದ ಕಾಲ ಅಷ್ಟು. ಹಳೆಯ ಯಂತ್ರಗಳು ನೂರಾರು ವರ್ಷಗಳ ಅಂದಾಜು ಹೇಳುತ್ತಿದ್ದವು, ಹೊಸದು ದಿನವನ್ನೇ ಹೇಳುತ್ತದೆ. ತೊಡಕು ಒಂದೇ. ಓದುವ ಮೊದಲು ಗಳಿಗೆ ಹೊತ್ತು ಬಿಸಿಲು ಬಿದ್ದರೂ ಕಣದ ಗಡಿಯಾರ ಸೊನ್ನೆಗೆ ಬಂದು ನಿಲ್ಲುತ್ತದೆ. ಅದಕ್ಕೇ ಮಣ್ಣನ್ನು ಕರಿ ಉಕ್ಕಿನ ಕೊಳವೆಯಲ್ಲಿ ತರಬೇಕು, ಕತ್ತಲಲ್ಲೇ ಬಿಚ್ಚಬೇಕು. ಆ ಕೋಣೆಯ ಬಾಗಿಲ ಸಂದಿಗೆ ಲಗಮವ್ವ ತನ್ನ ಕೈಯಾರೆ ಕಂಬಳಿಯ ಪಟ್ಟಿ ಹೊಲಿದಿದ್ದಳು. ಒಮ್ಮೆ ಒಬ್ಬ ಸಂಶೋಧಕ ಕೈಗಡಿಯಾರದ ಬೆಳಕು ಹೊತ್ತಿಸಿದ್ದಕ್ಕೆ ಅವನನ್ನು ಕೊರಳು ಹಿಡಿದು ಹೊರಗೆ ದಬ್ಬಿದ್ದಳು ಎಂದು ಅಲ್ಲಿಯವರು ಈಗಲೂ ಹೇಳಿ ನಗುತ್ತಾರೆ.

ವಿಜಯಪುರದ ಕಡೆಯ ಕುರುಬರ ಹೆಣ್ಣುಮಗಳು ಲಡಾಖಿನ ಹದಿನಾಲ್ಕು ಸಾವಿರ ಅಡಿ ಎತ್ತರದ ಬಯಲಿಗೆ ಬಂದದ್ದಕ್ಕೂ ಒಂದು ಕಥೆಯಿದೆ. ಕೆಳಗಿನ ನಾಡಿನಲ್ಲಿ ಬಿಸಿಲು ಏರಿ ಏರಿ ಕುರಿಗಳು ನಿಂತಲ್ಲೇ ಬೀಳತೊಡಗಿದ್ದವು. ಇಲ್ಲಿ ಮೇಲೆ ಈ ನೆಲದವರೇ ಆದ ಕುರಿಗಾರರು ಪಟ್ಟಣ ಸೇರಿ, ಮೇಯುವ ಬಾಯಿಲ್ಲದೆ ಹುಲ್ಲು ನಿಂತಲ್ಲೇ ಒಣಗಿ ಸಾಯುತ್ತಿತ್ತು. ಹುಲ್ಲು ಹೋದ ಜಾಗವನ್ನು ಬುರ್ಟ್ಸೆ ಎಂಬ ಬೂದುಬಣ್ಣದ, ಕಹಿ ವಾಸನೆಯ ಕುರುಚಲು ಗಿಡ ನುಂಗುತ್ತಿತ್ತು. ಕುರಿಯನ್ನು ಹುಲ್ಲಿದ್ದಲ್ಲಿಗೆ ಕಳಿಸಿದರಾಯಿತು ಎಂದು ಸರ್ಕಾರ ಲೆಕ್ಕ ಹಾಕಿ, ನಲವತ್ತು ಮನೆಗಳ ಹಟ್ಟಿಯನ್ನೇ ಎತ್ತಿ ಇಲ್ಲಿ ಇಳಿಸಿತು. ಎಷ್ಟು ಕುರಿ ಮೇದರೆ ಮರಳು ಕದಲದೆ ಉಳಿಯುತ್ತದೆ ಎಂದು ನೋಡುವುದಕ್ಕೆ ಪ್ರಯೋಗಶಾಲೆ ಬಂತು.

ಆ ನೆಲ ವಿಚಿತ್ರದ್ದು. ಮೇಲೆ ಗಾಯದ ಹಕ್ಕಳೆಯಂಥ ತೆಳ್ಳನೆಯ ಕಪ್ಪು ಪದರ, ಬರಿಗಣ್ಣಿಗೆ ಕಾಣದ ಪಾಚಿ ಹೆಣೆದದ್ದು. ಅದರ ಕೆಳಗೆ ಸಡಿಲ ಮರಳು. ನೀರು ಹೊಯ್ದರೆ ಕಣ್ಣೆದುರೇ ಇಂಗಿ ಮಾಯ. ಮೊಳಕೈ ಆಳಕ್ಕೆ ಹೋದರೆ ಸುಣ್ಣ ಮತ್ತು ಸವಳು ಸೇರಿ ಬೆಳ್ಳಗೆ ಗಟ್ಟಿಯಾದ ಪದರ. ಒಳ್ಳೆಯ ಮಣ್ಣು ಅನ್ನುವುದೇನಿದ್ದರೂ ಬುರ್ಟ್ಸೆಯ ಬುಡದ ಗುಪ್ಪೆಯಲ್ಲಿ, ನಡುವೆಲ್ಲ ಬರಿಬಯಲು. ಕಪ್ಪು ಪದರ ಒಮ್ಮೆ ಒಡೆದರೆ ಮತ್ತೆ ಕೂಡುವುದಕ್ಕೆ ಇಪ್ಪತ್ತು ಮೂವತ್ತು ವರ್ಷ ಬೇಕು. ಕಾಲಿಟ್ಟ ಗುರುತನ್ನು ಇಷ್ಟು ದಿನ ಉಳಿಸಿಕೊಳ್ಳುವ ನೆಲ ಬೇರೆಲ್ಲೂ ಇಲ್ಲವೆಂದು ಪ್ರಯೋಗಶಾಲೆಯ ಮುಖ್ಯಸ್ಥೆ ಡಾಕ್ಟರ್ ನಿಲ್ಜಾ ಆಂಗ್ಮೋ ಹೇಳುತ್ತಿದ್ದರು. ಲಗಮವ್ವ ಆ ಮಾತು ಕೇಳಿದಾಗಲೆಲ್ಲ ಬಾಗಿಲ ಕಡೆಗೆ ನೋಡುತ್ತಿದ್ದಳು.

ಏಕೆಂದರೆ ಅವಳ ಗಂಡ ಅಮೋಗೆಪ್ಪ ಆ ನೆಲದ ಮೇಲೆ ನಡೆದುಹೋದವನು ತಿರುಗಿ ಬಂದಿರಲಿಲ್ಲ.

ಇಲ್ಲಿಗೆ ಬಂದ ಮೊದಲ ವರ್ಷದ ದೀಪಾವಳಿ. ಪಾಡ್ಯದ ಹಟ್ಟಿಹಬ್ಬಕ್ಕೆ ಎಂಟು ದಿನ ಉಳಿದಿತ್ತು. ಕಣಿವೆಯಾಚೆ ಮೊಳಕಾಲುದ್ದ ಹುಲ್ಲು ನಿಂತಿದೆ, ಹೋಗಿ ಮೇಯಿಸಿ ಬರೋಣ ಎಂದು ಅಮೋಗೆಪ್ಪ ಹಟ ಹಿಡಿದ. ಅವನ ಅಣ್ಣ ಮಾಳಿಂಗರಾಯನಿಗೆ ಮನಸ್ಸಿರಲಿಲ್ಲ. ಅಣ್ಣನ ಹೆಂಡತಿ ಬಾಳವ್ವನಂತೂ ಹಬ್ಬದ ಮುಂದೆ ಬೇಡವೇ ಬೇಡ ಎಂದಳು. ಆಗ ಅಮೋಗೆಪ್ಪ ದೇವರ ಮುಂದಿನ ಭಂಡಾರವನ್ನು, ಎಂದರೆ ಬೀರಪ್ಪನಿಗೆ ಏರಿಸಿದ ಅರಿಶಿನಪುಡಿಯನ್ನು, ಎಡಗೈಯಲ್ಲಿ ತುಂಬಿಕೊಂಡು ಅತ್ತಿಗೆಯ ಎದುರು ನಿಂತಿದ್ದ. ಅವನು ಹುಟ್ಟಾ ಎಡಚ. ಭಂಡಾರವನ್ನಾದರೂ ಬಲಗೈಯಲ್ಲಿ ಹಿಡಿಯೋ ಎಂದು ಹೇಳಿ ಹೇಳಿ ಹಿರಿಯರು ಸೋತಿದ್ದರು.

"ಹಬ್ಬಕ್ಕ ಅಣ್ಣನ್ನ ಕರಕೊಂಡು ಬರ್ತೀನಿ ವೈನಿ," ಎಂದಿದ್ದ. "ಅವನ್ನ ಬಿಟ್ಟು ಈ ಹೊಸ್ತಿಲಾ ತುಳಿಯೂದಿಲ್ಲ."

ನಗುತ್ತಲೇ ಹೇಳಿದ ಮಾತು. ಆದರೆ ಭಂಡಾರ ಹಿಡಿದು ಆಡಿದ ಮಾತಿಗೆ ನಗೆ ಬೇರೆ, ಆಣೆ ಬೇರೆ ಎಂಬ ಭೇದವಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಮಾವಾಸ್ಯೆಗೆ ಎರಡು ದಿನ ಇರುವಾಗ ಎದ್ದ ಗಾಳಿ ಐದು ದಿನ ಹಿಮವನ್ನೂ ಮರಳನ್ನೂ ಕಲಸಿ ಬೀಸಿತು. ಅರ್ಧ ಕುರಿಗಳು ತಾವಾಗಿ ಹಟ್ಟಿ ಸೇರಿದವು. ಅಣ್ಣತಮ್ಮಂದಿರು ಬರಲಿಲ್ಲ. ಹೆಲಿಕಾಪ್ಟರು ಮೂರು ದಿನ ಸುತ್ತಿ ಹೋಯಿತು.

ಅಂದಿನಿಂದ ಒಂದೇ ಸೂರಿನಡಿ ಇಬ್ಬರು ಹೆಂಗಸರು ದಾರಿ ನೋಡುತ್ತ ಉಳಿದರು. ನೆಗೆಣ್ಣಿಯರ ಜಗಳ ಅನ್ನುವುದು ಆ ಮನೆಯಲ್ಲಿ ಅಂದೇ ನಿಂತಿತು. ಇಬ್ಬರ ಕೈಯಲ್ಲೂ ಹಸಿರು ಬಳೆ, ಇಬ್ಬರ ಹಣೆಯಲ್ಲೂ ಕುಂಕುಮ. ಹೆಣ ಸಿಗದೆ ಅದನ್ನು ತೆಗೆಸುವ ಧೈರ್ಯ ಹಿರಿಯರಿಗೂ ಇರಲಿಲ್ಲ. ಬಾಳವ್ವ ವರ್ಷವಿಡೀ ಉಣ್ಣೆ ನೂತು ಒಂದು ಕಂಬಳಿಗಾಗುವಷ್ಟು ಕೂಡಿಸುತ್ತಿದ್ದಳು, ಗಂಡ ಬಂದರೆ ಹೊದೆಯಲಿ ಎಂದು. ಲಗಮವ್ವನ ಕಾಯುವಿಕೆಗೆ ಅಂಥ ಗುರುತಿರಲಿಲ್ಲ. ಕುರಿಯ ಗಂಟೆಯ ಸದ್ದು ಕೇಳಿದರೆ ಅವಳ ಕೈಯ ಜರಡಿ ನಿಲ್ಲುತ್ತಿತ್ತು, ಅಷ್ಟೆ. ಅವನ ಮುಖ ಮಸುಕಾಗುತ್ತ ಬಂದಿತ್ತು. ತಟ್ಟೆಯ ಮುಂದೆ ಕೂತಾಗ ಎಡಗೈಯಲ್ಲಿ ರೊಟ್ಟಿ ಮುರಿದು, ಕೂಡಲೇ ನೆನಪಾಗಿ ಬಲಗೈಗೆ ದಾಟಿಸುತ್ತಿದ್ದ ಆ ಒಂದು ಚಲನೆ ಮಾತ್ರ ಮಸುಕಾಗಲಿಲ್ಲ. ಅದನ್ನು ಇನ್ನೊಂದು ಸಲ ನೋಡಿದರೆ ಸಾಕು, ಮಾತಾಡದಿದ್ದರೂ ಸರಿ ಎಂದು ಅವಳು ಎಷ್ಟೋ ಸಲ ಬೇಡಿಕೊಂಡದ್ದುಂಟು.

ಈ ವರ್ಷ ಬೇಸಿಗೆಯಲ್ಲಿ ಹೊಸ ಯಂತ್ರವನ್ನು ಆರು ಗಾಲಿಯ ಬಂಡಿಯ ಮೇಲೆ ಕೂರಿಸಿ ಬಯಲಿಗೆ ಬಿಟ್ಟರು. ಅದು ತಾನೇ ನಡೆದು, ತಾನೇ ಕೊರೆದು, ಓದಿದ್ದನ್ನು ಪ್ರಯೋಗಶಾಲೆಯ ಪರದೆಗೆ ಕಳಿಸುತ್ತಿತ್ತು. ಮೊದಲ ವಾರವೇ ತಕರಾರು. ಅಲ್ಲಲ್ಲಿ ಮರಳು ಎಂದಿನಂತೆ ಮಿನುಗದೆ ಹಳದಿ ಹಸಿರಾಗಿ ಹೊಳೆಯುತ್ತಿತ್ತು, ತಾರೀಖು ಎಲ್ಲ ಕಲಸಿಹೋಗುತ್ತಿತ್ತು. ಡಾಕ್ಟರು ಯಂತ್ರ ಬಿಚ್ಚಿಸಿದರು, ಜೋಡಿಸಿದರು, ತಯಾರಿಸಿದವರಿಗೆ ಪತ್ರ ಬರೆದರು. ಲಗಮವ್ವ ಬಂದು ನೋಡಿ, ಹಳದಿ ಹೊಳೆದ ಜಾಗಗಳೆಲ್ಲ ತಮ್ಮ ಕುರಿ ತಂಗಿದ ತಾಣಗಳೆಂದು ಹೇಳಿದಳು. ಹೊಸ ನೆಲದಲ್ಲಿ ಹಿಂಡು ನಿಲ್ಲಿಸುವ ಮೊದಲು ಒಂದು ಚಿಟಿಕೆ ಭಂಡಾರ ಚೆಲ್ಲದ ಕುರುಬನುಂಟೇ? ಅರಿಶಿನ ನೀಲಿ ಬೆಳಕಿಗೆ ಹಾಗೆಯೇ ಹೊಳೆಯುತ್ತದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವಂತೆ ಅಡುಗೆಮನೆಯ ಡಬ್ಬಿಯಲ್ಲಿದ್ದದ್ದು ವಿಜ್ಞಾನಿಗಳ ಕಣ್ಣಿಗೆ ಬಿದ್ದಿರಲಿಲ್ಲ. ಡಾಕ್ಟರು ಹಣೆ ಚಚ್ಚಿಕೊಂಡು ನಕ್ಕರು, ಹಳದಿಯನ್ನು ಬೇರೆಯಾಗಿ ಎಣಿಸಲು ಯಂತ್ರಕ್ಕೆ ಕಲಿಸಿದರು.

ಆಗಸ್ಟಿನಲ್ಲಿ ಬಂಡಿ ಕಣಿವೆ ದಾಟಿತು. ಆ ಗಾಳಿಯಾದ ಮೇಲೆ ಹಟ್ಟಿಯವರು ಯಾರೂ ಕಾಲಿಡದ ಜಾಗ. ಅಲ್ಲಿ ಒಂದು ಕಡೆ ಕೊರೆದ ಮಣ್ಣಿನಲ್ಲಿ ಮೇಲೆ ಹಳದಿ, ಮೊಳಕೈ ಆಳದಲ್ಲಿ ಕೆಂಪು. ಡಾಕ್ಟರು ಅದನ್ನು ಕಬ್ಬಿಣದ ಅಂಶವೆಂದು ಬರೆದುಕೊಳ್ಳುತ್ತಿದ್ದರು. ಲಗಮವ್ವ ಪರದೆಯ ಮುಂದೆ ನಿಂತೇ ಇದ್ದಳು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆಂದು ಆರತಿಯ ನೀರು ಕದಡಿದ ಯಾವ ಹೆಂಗಸಿಗೆ ಗೊತ್ತಿಲ್ಲ? ಆದರೆ ಇಲ್ಲಿ ಸುಣ್ಣವಿರುವುದು ಮೊಳಕೈ ಆಳದಲ್ಲಿ. ಮೇಲೆ ಚೆಲ್ಲಿದ ಭಂಡಾರ ಅಷ್ಟು ಕೆಳಗೆ ಇಳಿಯುವುದಿಲ್ಲ. ಯಾರೋ ಅಗೆದಿದ್ದಾರೆ, ಅಗೆದು ಭಂಡಾರ ಹಾಕಿ ಮುಚ್ಚಿದ್ದಾರೆ. ಕುರುಬರು ಭಂಡಾರ ಹಾಕಿ ಮಣ್ಣು ಮುಚ್ಚುವುದು ಒಂದೇ ಕೆಲಸಕ್ಕೆ. ಅವಳು ಅದನ್ನು ಡಾಕ್ಟರಿಗೆ ಹಿಂದಿಯಲ್ಲಿ ಹೇಳಲು ಹೋಗಿ ಮಾತು ಸಿಗದೆ ಎರಡೂ ಕೈಗಳಿಂದ ಮಣ್ಣೆಳೆಯುವಂತೆ ಮಾಡಿ ತೋರಿಸಿದಳು.

ಹೋದವರು ಇಬ್ಬರು. ಒಬ್ಬ ಇನ್ನೊಬ್ಬನನ್ನು ಹೂತಿದ್ದಾನೆ. ಯಾರು ಯಾರನ್ನು?

ಮರುದಿನ ಜೀಪಿನಲ್ಲಿ ಡಾಕ್ಟರ ಪಕ್ಕ ಕೂತು ಹೋಗುವಾಗ ಲಗಮವ್ವ ಬೇಡಿಕೊಂಡದ್ದನ್ನು ಬರೆಯುವುದೂ ಕಷ್ಟ. ಒಳಗಿರುವವನು ಭಾವನಾಗಿರಲಿ ಎಂದು ಬೇಡಿಕೊಂಡಳು. ಅದೇ ಬೆಳಿಗ್ಗೆ ಬಾಳವ್ವ ಬುತ್ತಿ ಕಟ್ಟಿಕೊಟ್ಟ ರೊಟ್ಟಿಯ ಗಂಟು ಅವಳ ತೊಡೆಯ ಮೇಲಿತ್ತು. ಅದನ್ನು ಎತ್ತಿ ಹಿಂದಿನ ಸೀಟಿಗೆ ಇಟ್ಟಳು.

ಜಾಗ ಒಂದು ದಿಬ್ಬದ ಮರೆ. ಬುರ್ಟ್ಸೆಯ ನಡುವೆ ಮಾರುದ್ದದ ಗುಪ್ಪೆ. ಡಾಕ್ಟರು ದೂರ ನಿಂತರು. ಗುಪ್ಪೆಯ ಒಂದು ತುದಿಗೆ ಕಪ್ಪು ಹಕ್ಕಳೆ ಒಡೆದು ಎರಡು ತಗ್ಗುಗಳಾಗಿದ್ದವು, ಅಕ್ಕಪಕ್ಕ, ಮೊಣಕಾಲಷ್ಟು ಅಗಲ. ಒಂದು ಸಲ ಕೂತೆದ್ದ ಗುರುತಲ್ಲ ಅದು. ಮತ್ತೆ ಮತ್ತೆ ಅದೇ ಜಾಗಕ್ಕೆ ಮಂಡಿಯೂರಿ ನೆಲ ಸವೆದಿತ್ತು. ಮರಳನ್ನು ಉಗುರಿನಿಂದ ಕೆದರಿದರೆ ಹಳದಿ, ಅದೂ ಎಡಗಡೆಯ ತಗ್ಗಿನ ಪಕ್ಕಕ್ಕೆ ಮಾತ್ರ. ಲಗಮವ್ವ ಆ ತಗ್ಗುಗಳಲ್ಲಿ ತನ್ನ ಮೊಣಕಾಲು ಇಟ್ಟು ಕೂತಳು, ಬಲಗೈ ಚಾಚಿದಳು, ತೆಗೆದಳು, ಎಡಗೈ ಚಾಚಿದಳು. ಆಮೇಲೆ ಹಾಗೇ ಮುಂದಕ್ಕೆ ಬಾಗಿ ಬಹಳ ಹೊತ್ತು ಅತ್ತಳು. ಅವನು ಬದುಕಿದ್ದಾನೆಂಬ ಸಂತೋಷ, ಬದುಕಿದ್ದೂ ಬರಲಿಲ್ಲವೆಂಬ ಸಂಕಟ, ಬಾಳವ್ವನ ಬಳೆ, ಮೂರೂ ಒಟ್ಟಿಗೆ ಬಂದವು.

ಕೊಳವೆ ಇಳಿಸಿ ಮಣ್ಣು ತೆಗೆದದ್ದೂ ಅವಳೇ, ಕೆಂಪು ದೀಪದಡಿ ಅದನ್ನು ಸೀಳಿ ಅರ್ಧವನ್ನು ಯಂತ್ರಕ್ಕೆ ಕೊಟ್ಟು ಇನ್ನರ್ಧವನ್ನು ಮುಚ್ಚಿ ಕಪಾಟಿನಲ್ಲಿಟ್ಟದ್ದೂ ಅವಳೇ. ಪ್ರತಿ ಸಲದ ಭಂಡಾರ ಅಂದೇ ಒಂದು ಹಿಡಿ ಮರಳಿನಡಿ ಮುಚ್ಚಿಹೋಗಿ, ಅದರ ಮೇಲೆ ವಸಂತದ ಗಾಳಿ ಗುಪ್ಪೆಯ ಮರೆಗೆ ಬೆರಳು ದಪ್ಪ ಮರಳು ತಂದು ಹಾಕುತ್ತಿತ್ತಾದ್ದರಿಂದ ಹಳದಿಗೆರೆಗಳು ಒಂದರ ಮೇಲೊಂದು ಎಂಟು ಇದ್ದವು. ಯಂತ್ರ ಒಂದೊಂದಕ್ಕೂ ತಾರೀಖು ಕೊಟ್ಟಿತು. ನವೆಂಬರ್ ಐದು, ಮರುವರ್ಷ ಅಕ್ಟೋಬರ್ ಇಪ್ಪತ್ತಾರು, ಆಮೇಲೆ ನವೆಂಬರ್ ಹದಿನಾಲ್ಕು, ನವೆಂಬರ್ ಎರಡು, ಅಕ್ಟೋಬರ್ ಇಪ್ಪತ್ತೆರಡು, ಹೀಗೆ. ಡಾಕ್ಟರು ತಲೆಯಾಡಿಸಿದರು. ಮನುಷ್ಯನಾದರೆ ವರ್ಷಕ್ಕೊಂದು ನಿಶ್ಚಿತ ದಿನಕ್ಕೆ ಬರುತ್ತಾನೆ, ಇದು ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತಿದೆ, ಬಹುಶಃ ಗಾಳಿಯೇ ಹಳೆಯ ಪುಡಿಯನ್ನು ಕೆದರಿ ಕೆದರಿ ಹರಡಿರಬೇಕು ಎಂದರು. ಒಬ್ಬ ಹೆಂಗಸಿಗೆ ಸುಳ್ಳು ಆಸೆ ಹುಟ್ಟಿಸಬಾರದೆಂಬ ಕರುಣೆಯೂ ಆ ಮಾತಿನಲ್ಲಿತ್ತು.

ಲಗಮವ್ವ ತಾರೀಖುಗಳನ್ನು ಚೀಟಿಯಲ್ಲಿ ಬರೆದುಕೊಂಡು ಮನೆಗೆ ಬಂದಳು. ಹಟ್ಟಿಯಲ್ಲಿ ಏನೂ ಹೇಳಲಿಲ್ಲ. ಎಂಟು ದಿನ ಬಾಳವ್ವನ ಮುಖ ತಪ್ಪಿಸಿ ಉಂಡಳು. ನೂಲುವ ಕದಿರಿನ ಸದ್ದು ಕೇಳಿದರೆ ಎದ್ದು ಹೊರಗೆ ಹೋಗುತ್ತಿದ್ದಳು. ಹೇಳಿದರೆ ಅಕ್ಕನ ಕುಂಕುಮ ಅಳಿಸಿದಂತೆ, ಹೇಳದಿದ್ದರೆ ತನ್ನ ಗಂಡನನ್ನು ತಾನೇ ಬಚ್ಚಿಟ್ಟುಕೊಂಡಂತೆ.

ಒಂಬತ್ತನೆಯ ದಿನ ಮಧ್ಯಾಹ್ನ ಬಾಳವ್ವ ಕುರಿದೊಡ್ಡಿಯಿಂದ ಬಂದಾಗ ಅಡುಗೆಮನೆಯ ಡಬ್ಬಿಗಳೆಲ್ಲ ನೆಲದ ಮೇಲಿದ್ದವು. ಊರಿನಿಂದ ಲಾರಿಯಲ್ಲಿ ಜೋಳದ ಜೊತೆ ಬರುವ ಗೋಡೆ ಕ್ಯಾಲೆಂಡರುಗಳನ್ನು ವರ್ಷ ಮುಗಿದ ಮೇಲೆ ಹಲಗೆಗಳಿಗೆ ಹಾಸುವುದು ಬಾಳವ್ವನ ರೂಢಿ. ಲಗಮವ್ವ ಅವುಗಳನ್ನೆಲ್ಲ ಎಳೆದು, ಎಣ್ಣೆ ಕಲೆಯ ನಡುವೆ ಬೆರಳಿಟ್ಟು, ಚೀಟಿ ನೋಡುತ್ತ ಕೂತಿದ್ದಳು. ಎಂಟಕ್ಕೆ ಎಂಟೂ ಕೂಡಿದ್ದವು. ಒಂದೂ ಬೇರೆ ದಿನವಲ್ಲ, ಎಲ್ಲವೂ ಬಲಿಪಾಡ್ಯಮಿ, ಹಟ್ಟಿಹಬ್ಬದ ದಿನ. ಗಾಳಿಗೆ ತಿಥಿ ಗೊತ್ತಿರುವುದಿಲ್ಲ.

ಬಾಳವ್ವ ಚೀಟಿ ತೆಗೆದುಕೊಂಡಳು, ಕ್ಯಾಲೆಂಡರು ನೋಡಿದಳು, ಇವಳ ಮುಖ ನೋಡಿದಳು. ಲಗಮವ್ವ ಕಂಡದ್ದನ್ನೆಲ್ಲ ತಡವರಿಸುತ್ತ ಹೇಳಿದಳು. ಗುಪ್ಪೆ, ಕೆಂಪು ಭಂಡಾರ, ಎರಡು ತಗ್ಗು. ಯಾರದೆಂಬುದನ್ನು ಮಾತ್ರ ಹೇಳಲು ಬಾಯಿ ಬರಲಿಲ್ಲ.

"ಭಂಡಾರ ಯಾ ಕಡೆ ಬಿದ್ದಿತ್ತು?" ಎಂದು ಬಾಳವ್ವ ಕೇಳಿದಳು.

ಲಗಮವ್ವ ತನ್ನ ಎಡಗೈ ನೋಡಿಕೊಂಡಳು. ಅಷ್ಟು ಸಾಕಾಯಿತು.

ಬಾಳವ್ವ ಗೋಡೆಗೆ ಒರಗಿ ಕೂತು ಒಂದೊಂದಾಗಿ ಬಳೆ ಕಳಚಿ ಖಾಲಿ ಡಬ್ಬಿಯೊಳಗೆ ಇಟ್ಟಳು. ಒಂಬತ್ತು ವರ್ಷಗಳಲ್ಲಿ ಕೈ ಎಷ್ಟು ಸೊರಗಿತ್ತೆಂದರೆ ಸೋಪು ಎಣ್ಣೆ ಯಾವುದೂ ಬೇಕಾಗಲಿಲ್ಲ. ಐದನೆಯ ದಿನ ಸಿಟ್ಟು ಬಂತು. ಆಳೆತ್ತರದ ಗಂಡಸು ಎಂಟು ವರ್ಷ ಅಲ್ಲಿಗೆ ಬಂದು ಬಂದು ಕೂತು ಹೋದನೇ ಹೊರತು ತನಗೊಂದು ಮಾತು ತಿಳಿಸಲಿಲ್ಲವಲ್ಲ ಎಂದು ಕುರಿಗಳನ್ನೂ ಸೇರಿಸಿ ಬೈದಳು. ಬೈಯುತ್ತ ಬೈಯುತ್ತ ಬಾಗಿಲಿಗೆ ಬಂದವಳು ಹೊಸ್ತಿಲ ಹತ್ತಿರ ನಿಂತು ಕೆಳಗೆ ನೋಡಿದಳು. ಅವನು ಭಂಡಾರ ಹಿಡಿದು ನಿಂತದ್ದು ಅಲ್ಲೇ.

ದೀಪಾವಳಿ ಹತ್ತಿರ ಬಂದಾಗ ಲಗಮವ್ವ ತಾನೊಬ್ಬಳೇ ಹೋಗಿ ಬರುತ್ತೇನೆಂದು ಮೆಲ್ಲಗೆ ಹೇಳಿದಳು. ಬಾಳವ್ವ ಕದಿರು ಕೆಳಗಿಟ್ಟಳು.

"ನೀ ಕರದ್ರ ಅವ ಬರೂದಿಲ್ಲ. ಮಾತು ಕೊಟ್ಟಿದ್ದು ನಿನಗಲ್ಲವ್ವ, ನನಗ."

ಹೊರಡುವ ಹಿಂದಿನ ದಿನ ಲಗಮವ್ವ ಡಾಕ್ಟರಲ್ಲಿ ಒಂದು ಕೇಳಿದಳು. ಕುಣಿಯಿಂದ ತೆಗೆದ ಮಣ್ಣು ಕಪಾಟಿನಲ್ಲಿರಬಾರದು, ತಿರುಗಿ ಅಲ್ಲಿಗೇ ಸೇರಬೇಕು. ಅವಳು ಕ್ಯಾಲೆಂಡರು ತೋರಿಸಿದಂದೇ ಗಾಳಿಯ ಮಾತು ಬಿಟ್ಟಿದ್ದ ಡಾಕ್ಟರು ಯೋಚಿಸಿದರು. ದಿನದ ಲೆಕ್ಕ ಸಾಬೀತಾದ ಮೊದಲ ಮಣ್ಣು ಅದು, ಓದದೆ ಉಳಿದ ಅರ್ಧ ಇನ್ನೆಲ್ಲೂ ಸಿಗದು. ಆದರೂ ಕರಿ ಕೊಳವೆಯನ್ನು ತಂದು ಅವಳ ಕೈಗಿಟ್ಟು, ಬಿಚ್ಚುವಾಗ ಕಂಬಳಿ ಮರೆಮಾಡಿಕೊ ಎಂದರು. ಎಂದಾದರೂ ಮತ್ತೆ ಓದಬೇಕಾದೀತು ಎಂಬ ಆಸೆ ಅವರಿಗೆ.

ಪಾಡ್ಯದ ಬೆಳಿಗ್ಗೆ ಇಬ್ಬರೂ ಗುಪ್ಪೆಯ ಪಕ್ಕ ಕೂತರು. ಜೀಪು ದಿಬ್ಬದ ಕೆಳಗೇ ನಿಂತಿತು. ಗಾಳಿಯಿರಲಿಲ್ಲ, ಬಿಸಿಲು ಚುರುಕಾಗಿತ್ತು. ಬಾಳವ್ವ ಗುಪ್ಪೆಯ ಮೇಲೆ ಕೈಯಾಡಿಸಿ, ಒಂಬತ್ತು ವರ್ಷದ ನೂಲಿನಲ್ಲಿ ನೇಯಿಸಿದ ಕಂಬಳಿಗಳಲ್ಲಿ ಒಂದನ್ನು ಹೊದಿಸಿದಳು. ಆಮೇಲೆ ಗಂಡನ ಸಂಗಡ ಹೊಲಮನೆಯ ಮಾತಾಡುವಂತೆ ಏನೇನೋ ಹೇಳುತ್ತ ಕೂತಳು. ಲಗಮವ್ವ ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣು ಬಯಲಿನಲ್ಲಿತ್ತು. ಬರುತ್ತಾನೆಯೇ? ಈ ವರ್ಷವೇ ಬರದಿದ್ದರೆ?

ನೆತ್ತಿಗೆ ಬಿಸಿಲು ಬರುವ ಹೊತ್ತಿಗೆ ಉತ್ತರದ ಕಡೆ ಒಂದು ಆಳು ಕಾಣಿಸಿತು. ಆಚೆ ಕಣಿವೆಯವರು ತೊಡುವ ಉದ್ದನೆಯ ಉಣ್ಣೆಯಂಗಿ, ಗಡ್ಡ ಬೆಳ್ಳಗಾಗಿತ್ತು. ಕೋಲು ಎಡಗೈಯಲ್ಲಿತ್ತು. ಕೂಗಿದರೆ ಕೇಳುವಷ್ಟು ದೂರಕ್ಕೆ ಬಂದು, ಇಬ್ಬರನ್ನೂ ಕಂಡು, ಅಲ್ಲೇ ನಿಂತ. ಒಂದು ಹೆಜ್ಜೆ ಹಿಂದಕ್ಕೂ ಇಟ್ಟ. ಲಗಮವ್ವನಿಗೆ ಓಡಿಹೋಗಿ ಹಿಡಿಯಬೇಕೆನಿಸಿತು, ಆದರೆ ಬಾಳವ್ವನ ಮಾತು ನೆನಪಾಗಿ ಕೂತೇ ಇದ್ದಳು. ಬಾಳವ್ವ ಅವಳ ಕೈಯಲ್ಲಿದ್ದ ಕೊಳವೆಯ ಕಡೆ ನೋಡಿ ಅದೇನೆಂದು ಕೇಳಿದಳು. ಭಾವನ ಮಣ್ಣು ಎಂದಳು ಲಗಮವ್ವ. ಬಿಚ್ಚು ಎಂದಳು ಬಾಳವ್ವ.

ಬೆಂಕಿಕಡ್ಡಿಯ ಬೆಳಕನ್ನೂ ಬಿಟ್ಟುಕೊಳ್ಳದ ಲಗಮವ್ವ ನಡುಹಗಲಿನ ಬಿಸಿಲಿನಲ್ಲಿ ಕೊಳವೆಯ ಮುಚ್ಚಳ ತಿರುಗಿಸಿದಳು. ಬಾಳವ್ವ ಸೆರಗು ಒಡ್ಡಿ ಹಿಡಿದಳು. ಮೊದಲು ಹಳದಿಗೆರೆಯ ಮರಳು, ಕೊನೆಗೆ ಸುಣ್ಣದ ಹೆಂಟೆಯೊಳಗೆ ಕೆಂಪಾಗಿ ಉಳಿದ ಭಂಡಾರ, ಎಲ್ಲ ಸುರಿಯಿತು. ಬಾಳವ್ವ ಬಳೆಯಿಲ್ಲದ ಕೈಯಲ್ಲಿ ಆ ಸೆರಗು ಹಿಡಿದುಕೊಂಡೇ ಮೈದುನನ ಹತ್ತಿರ ನಡೆದು ಹೋದಳು. ಅವನು ನೆಲ ನೋಡುತ್ತಿದ್ದ.

"ಅಣ್ಣನ್ನ ಬಿಟ್ಟು ಹೊಸ್ತಿಲಾ ತುಳಿಯೂದಿಲ್ಲ ಅಂದಿದ್ದಿ," ಎಂದಳು. "ತಗೋ, ಇಲ್ಲೇ ಅದಾನ. ಕರಕೊಂಡು ನಡಿ."

ಅಮೋಗೆಪ್ಪ ಕೋಲು ಬಿಟ್ಟ. ಮೊದಲು ಎಡಗೈ ಚಾಚಿದ. ಕೂಡಲೇ ನೆನಪಾದವನಂತೆ ಅದನ್ನು ಹಿಂದಕ್ಕೆಳೆದು ಬಲಗೈ ಚಾಚಿದ. ಲಗಮವ್ವ ಅದನ್ನು ನೋಡಿದಳು. ಬಾಳವ್ವ ಅವನ ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ಮಣ್ಣು ತುಂಬಿದಳು.

ಅವನು ಬೊಗಸೆ ಮುಚ್ಚದೆ ಹಾಗೇ ಹಿಡಿದು ದಿಬ್ಬ ಇಳಿಯತೊಡಗಿದ. ಮರಳಿನ ಮೇಲೆ ಬಿಸಿಲು ನೇರ ಬೀಳುತ್ತಿತ್ತು. ಒಂಬತ್ತು ವರ್ಷದ ಕತ್ತಲೆ ಅದರೊಳಗಿಂದ ಈಗ ಅಳಿಸಿಹೋಗುತ್ತಿದೆ, ಯಾವ ಯಂತ್ರಕ್ಕೂ ಇನ್ನು ಅದು ಸಿಗುವುದಿಲ್ಲ ಎಂದು ಲಗಮವ್ವನಿಗೆ ಗೊತ್ತಿತ್ತು. ಮರೆಗೆಂದು ತಂದ ಕಂಬಳಿ ಅವಳ ಹೆಗಲ ಮೇಲೇ ಇತ್ತು. ಅವಳು ಅದನ್ನು ಮರೆ ಹಿಡಿಯಲಿಲ್ಲ, ಅವನು ಬಿಟ್ಟ ಕೋಲನ್ನು ಎತ್ತಿಕೊಂಡು ಹಿಂದೆ ನಡೆದಳು.